ಹನ್ನೊಂದನೆಯ ಎಲ್ಫ್

ಲೆಕ್ಕಪತ್ರ ನೋಡುವುದು ನನ್ನ ಹೊಟ್ಟೆಪಾಡು. ಬೇರೆಯವರ ಜಮಾಖರ್ಚಿನಲ್ಲಿ ಒಂದು ಅಂಕಿ ಹೆಚ್ಚುಕಡಿಮೆಯಾದರೂ ನನಗೆ ನಿದ್ದೆ ಹತ್ತುವುದಿಲ್ಲ. ಅಂಥವಳು ಹತ್ತರವರೆಗೆ ಸರಿಯಾಗಿ ಎಣಿಸದೆ ಕೈಗೆ ಬಂದ ಆಟವನ್ನು ಬಿಟ್ಟುಕೊಟ್ಟೆ. ಆ ಕತೆಯನ್ನು ಆಮೇಲೆ ಹೇಳುತ್ತೇನೆ. ಪೆಟ್ಟಿಗೆಯ ಪರಿಚಯ ಮೊದಲು ಆಗಲಿ.

‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾರ್ಡ್ ಆಟದ ‘ಎಲ್ವೆನ್ ಎಂಪೈರ್’ ಎಂಬ ಸಿದ್ಧ ಡೆಕ್, ಅಂದರೆ ಕಾರ್ಡ್‌ಗಳ ಕಟ್ಟು, ಇದು. 2021ರ ಫೆಬ್ರವರಿಯಲ್ಲಿ ‘ಕಾಲ್ಡ್‌ಹೈಮ್’ ಕಾರ್ಡ್‌ಗಳ ಜೊತೆಗೆ ಬಂದ ಎರಡು ಕಮಾಂಡರ್ ಡೆಕ್‌ಗಳಲ್ಲಿ ಒಂದು. ಬಣ್ಣ ಹಸಿರು ಮತ್ತು ಕಪ್ಪು. ಕುಲ ಎಲ್ಫ್, ಅಂದರೆ ಫ್ಯಾಂಟಸಿ ಕತೆಗಳ ಚೂಪು ಕಿವಿಯ ಕಾಡಿನ ಜನ. ಇದನ್ನು ಆಡಲು ತೊಡಗಿ ಒಂದು ವರ್ಷ ದಾಟಿದೆ. ಒಟ್ಟು ಆಟಗಳನ್ನು ನಾನು ಎಣಿಸಿಟ್ಟಿಲ್ಲ. ಎಣಿಕೆಯ ವಿಷಯದಲ್ಲಿ ನನ್ನ ಮಾತಿಗೆ ಈಗ ಮನೆಯಲ್ಲಿ ಬೆಲೆಯೂ ಇಲ್ಲ.

ಕಮಾಂಡರ್ ಬಗೆಯ ಆಟವನ್ನು ಆಡದವರಿಗಾಗಿ ಎರಡು ಮಾತು. ಡೆಕ್‌ನಲ್ಲಿ ಸರಿಯಾಗಿ 100 ಕಾರ್ಡ್‌ಗಳು. ಮೂಲ ಭೂಮಿಗಳನ್ನು, ಅಂದರೆ ಬೇರೆ ಕಾರ್ಡ್ ಆಡಲು ತೆರಬೇಕಾದ ಮಾನಾ ಎಂಬ ಶಕ್ತಿಯನ್ನು ಕೊಡುವ ಕಾರ್ಡ್‌ಗಳನ್ನು, ಬಿಟ್ಟರೆ ಒಂದೇ ಕಾರ್ಡ್ ಎರಡು ಸಲ ಇರುವಂತಿಲ್ಲ. ನೂರರಲ್ಲಿ ಒಂದು ಕಾರ್ಡ್ ನಿಮ್ಮ ನಾಯಕ. ಅದು ಯಾವಾಗಲೂ ಬದಿಯಲ್ಲಿ ಕಾದಿರುತ್ತದೆ. ಸತ್ತರೆ ಮತ್ತೆ ಕರೆಯಬಹುದು, ಆದರೆ ಪ್ರತಿ ಸಲವೂ ಎರಡು ಮಾನಾ ಹೆಚ್ಚು ತೆರಬೇಕು. ಎಲ್ಲರೂ 40 ಜೀವದಿಂದ ಆರಂಭಿಸುತ್ತಾರೆ. ಸಾಮಾನ್ಯವಾಗಿ ಮೇಜಿನ ಸುತ್ತ ನಾಲ್ವರು ಕೂರುತ್ತಾರೆ. ಅಂದರೆ ನಿಮ್ಮ ಎದುರಿಗೆ ಮೂವರು, ಒಟ್ಟು 120 ಜೀವ. ಇಬ್ಬರೇ ಆಡುವ ಆಟದಲ್ಲಿ ಚುರುಕಾಗಿ ಓಡುವ ಪುಟ್ಟ ಎಲ್ಫ್‌ಗಳಿಗೆ ಈ 120 ಎನ್ನುವುದು ಬೆಟ್ಟ. ಒಂದರ ಬಲ (ಕೊಡುವ ಏಟು), ಒಂದರ ಮೈಗಟ್ಟು (ಸಾಯಲು ಸಾಕಾಗುವ ಏಟು) ಇರುವ ಈ ಕುಳ್ಳರು ಆ ಬೆಟ್ಟವನ್ನು ಹೇಗೆ ಹತ್ತುತ್ತಾರೆ ಎಂಬುದಕ್ಕೆ ಈ ಡೆಕ್ ಒಂದು ಉತ್ತರ ಕೊಡುತ್ತದೆ.

ಉತ್ತರದ ಹೆಸರು ಲ್ಯಾಥ್ರಿಲ್. ನಾಲ್ಕು ಮಾನಾದ ನಾಯಕಿ, ಬಲ ಎರಡು, ಮೈಗಟ್ಟು ಮೂರು. ಅವಳನ್ನು ತಡೆಯಲು ಕನಿಷ್ಠ ಇಬ್ಬರು ಬೇಕು. ಅವಳು ದಾಳಿಯಲ್ಲಿ ಯಾವುದಾದರೂ ಎದುರಾಳಿಗೆ ನೇರವಾಗಿ ಏಟು ಕೊಟ್ಟರೆ ಏಟಿನಷ್ಟೇ ಎಲ್ಫ್ ಯೋಧರು ಟೋಕನ್‌ಗಳಾಗಿ, ಅಂದರೆ ಡೆಕ್‌ನಿಂದ ಬರದೆ ಆಟದಲ್ಲೇ ಹುಟ್ಟುವ ಜೀವಿಗಳಾಗಿ, ನನ್ನ ಕಡೆ ಸೇರುತ್ತಾರೆ. ನಾಲ್ವರ ಮೇಜಿನಲ್ಲಿ ಯಾರಾದರೊಬ್ಬರ ಮುಂದೆ ಇಬ್ಬರು ಕಾವಲುಗಾರರು ಇಲ್ಲದೇ ಇರುತ್ತಾರೆ, ಹಾಗಾಗಿ ಮೊದಲ ಒಂದೆರಡು ಏಟು ಬಹುತೇಕ ಖಚಿತ. ಅವಳ ಎರಡನೆಯ ಶಕ್ತಿಯೇ ಅಸಲು. ಲ್ಯಾಥ್ರಿಲ್ ಕಾರ್ಡನ್ನು ಅಡ್ಡ ತಿರುಗಿಸಿ, ಅಂದರೆ ಟ್ಯಾಪ್ ಮಾಡಿ, ಜೊತೆಗೆ ನೆಟ್ಟಗೆ ನಿಂತಿರುವ ಹತ್ತು ಎಲ್ಫ್‌ಗಳನ್ನೂ ಟ್ಯಾಪ್ ಮಾಡಿದರೆ, ಪ್ರತಿ ಎದುರಾಳಿಯೂ 10 ಜೀವ ಕಳೆದುಕೊಳ್ಳುತ್ತಾನೆ, ನನಗೆ 10 ಜೀವ ಸಿಗುತ್ತದೆ.

ಹೊಸಬರು ಇಲ್ಲಿ ಎರಡು ಕಡೆ ಎಡವುತ್ತಾರೆ. ಲ್ಯಾಥ್ರಿಲ್ ತಾನೂ ಎಲ್ಫ್, ಆದರೆ ಅವಳು ತನ್ನ ಪಾಲಿಗೆ ಆಗಲೇ ಟ್ಯಾಪ್ ಆಗಿರುತ್ತಾಳೆ. ಆ ಹತ್ತರಲ್ಲಿ ಅವಳನ್ನು ಸೇರಿಸಿಕೊಳ್ಳುವಂತಿಲ್ಲ. ಬೇಕಾಗುವುದು ಹನ್ನೊಂದು ಎಲ್ಫ್‌ಗಳು. ಇನ್ನೊಂದು ನಮಗೆ ಅನುಕೂಲವಾದದ್ದು: ಹೊಸದಾಗಿ ಬಂದ ಜೀವಿ ಅದೇ ಸರದಿಯಲ್ಲಿ ದಾಳಿ ಮಾಡಲಾರದು, ತನ್ನದೇ ಟ್ಯಾಪ್ ಶಕ್ತಿಯನ್ನೂ ಬಳಸಲಾರದು, ಆದರೆ ಲ್ಯಾಥ್ರಿಲ್ ಕರೆದರೆ ಟ್ಯಾಪ್ ಆಗಲು ಅದಕ್ಕೆ ಅಡ್ಡಿಯಿಲ್ಲ. ಆ ಕ್ಷಣ ಹುಟ್ಟಿದ ಟೋಕನ್ ಕೂಡ ಹತ್ತರಲ್ಲಿ ಒಂದು. ಲ್ಯಾಥ್ರಿಲ್ ಮಾತ್ರ ಹಿಂದಿನ ಸರದಿಯಿಂದಲೇ ಮೇಜಿನ ಮೇಲೆ ಇದ್ದಿರಬೇಕು.

ಈಗ ಆ ಕತೆ. ನನ್ನ ತಂಗಿ ಆಡುವುದು 2017ರಲ್ಲಿ ಬಂದ ಡ್ರ್ಯಾಗನ್ ಡೆಕ್, ನಾಯಕ ಉರ್-ಡ್ರ್ಯಾಗನ್, ಐದೂ ಬಣ್ಣ. ಗಂಡನದು ವಿಲ್‌ಹೆಲ್ಟ್ ನಾಯಕನಾಗಿರುವ ಜಾಂಬಿಗಳ ಡೆಕ್. ಪಕ್ಕದ ಮನೆಯ ಹುಡುಗ ಎಡ್ಗರ್ ಮಾರ್ಕೋವ್ ಎಂಬ ರಕ್ತಪಿಪಾಸುಗಳ ದೊರೆಯನ್ನು ಇಟ್ಟುಕೊಂಡಿದ್ದಾನೆ. ಆ ದಿನ ಮೂವರೂ ತಮ್ಮತಮ್ಮಲ್ಲೇ ಕಚ್ಚಾಡಿ ಸೊರಗಿದ್ದರು. ತಂಗಿಗೆ 10 ಜೀವ, ಗಂಡನಿಗೆ 8, ಹುಡುಗನಿಗೆ 6. ಲ್ಯಾಥ್ರಿಲ್ ಒಂದು ಸಲ ಕೈ ಬೀಸಿದರೆ ಮೂವರೂ ಒಟ್ಟಿಗೆ ಹೊರಗೆ.

ನನ್ನ ಮುಂದೆ ಲ್ಯಾಥ್ರಿಲ್ ಅಲ್ಲದೆ ಎಲ್ವಿಶ್ ಆರ್ಚ್‌ಡ್ರೂಯಿಡ್, ಇಂಪೀರಿಯಸ್ ಪರ್ಫೆಕ್ಟ್, ಲಿಸ್ ಅಲಾನಾ ಹಂಟ್‌ಮಾಸ್ಟರ್, ಎಲ್ವಿಶ್ ಮಿಸ್ಟಿಕ್, ನಾಲ್ಕು ಟೋಕನ್‌ಗಳು. ಎಂಟು. ಕೈಯಲ್ಲಿ ಉಳಿದಿದ್ದ ಒಂದೇ ಒಂದು ಕಾರ್ಡ್ ಮೂರು ಮಾನಾದ ವುಡ್ ಎಲ್ವ್ಸ್. ಅದನ್ನು ಆಡಿದರೆ ಹಂಟ್‌ಮಾಸ್ಟರ್ ಇನ್ನೊಂದು ಟೋಕನ್ ಹುಟ್ಟಿಸುತ್ತಾನೆ. ಎಂಟಕ್ಕೆ ಎರಡು ಸೇರಿ ಹತ್ತು. ಕೂಸು ಹುಟ್ಟುವ ಮೊದಲೇ ನಾನು ಕುಲಾವಿ ಹೊಲಿಸಿ ಆಗಿತ್ತು. ‘ಎಲ್ಲರೂ ಕಾರ್ಡ್ ಎತ್ತಿಡಿ’ ಎಂದೆ. ಎರಡು ಭೂಮಿ ತಿರುಗಿಸಿದೆ, ಮೂರನೆಯ ಮಾನಾಕ್ಕೆ ಕೈ ತನ್ನಷ್ಟಕ್ಕೆ ಎಲ್ವಿಶ್ ಮಿಸ್ಟಿಕ್‌ನತ್ತ ಹೋಯಿತು. ಎರಡನೆಯ ಸರದಿಯಿಂದ ಮಾನಾ ಕೊಡುತ್ತಾ ಬಂದ ಎಲ್ಫ್ ಅದು. ಅದನ್ನು ತಿರುಗಿಸುವುದು ಕೈಗೆ ಅಂಟಿದ ಚಟ. ಪಕ್ಕದಲ್ಲಿ ಇನ್ನೂ ನಾಲ್ಕು ಭೂಮಿಗಳು ನೆಟ್ಟಗೆ ಬಿದ್ದಿದ್ದವು.

‘ಆಂಟಿ, ಟ್ಯಾಪ್ ಆಗಿರುವ ಎಲ್ಫ್ ಲೆಕ್ಕಕ್ಕೆ ಬರುವುದಿಲ್ಲ ಅಲ್ಲವೇ?’ ಎಂದು ಹುಡುಗ ಬಹಳ ಮರ್ಯಾದೆಯಿಂದ ಕೇಳಿದ.

ಒಂಬತ್ತು. ಇಂಪೀರಿಯಸ್ ಪರ್ಫೆಕ್ಟ್ ಒಂದು ಹಸಿರು ಮಾನಾ ಪಡೆದು ಹೊಸ ಟೋಕನ್ ಹುಟ್ಟಿಸುತ್ತಾಳೆ ಎಂದು ನೆನಪಾಯಿತು. ಹುಟ್ಟಿಸಿದಳು. ಹುಟ್ಟಿಸಲು ತಾನು ಟ್ಯಾಪ್ ಆದಳು. ಒಂದು ಬಂತು, ಒಂದು ಹೋಯಿತು, ಮತ್ತೆ ಒಂಬತ್ತು. ತಿರುಗಿಸಿದ ಕಾರ್ಡನ್ನು ಹಿಂದಕ್ಕೆ ತಿರುಗಿಸುವಂತಿಲ್ಲ ಎಂಬುದು ನಮ್ಮ ಮೇಜಿನ ನಿಯಮ. ಅದನ್ನು ತಂದವಳೂ ನಾನೇ. ಒಂದು ಮಾನಾದ ಚಟಕ್ಕೆ ಮೂವರ ಎದುರು ಮಾನ ಹೋಯಿತು.

ಮುಂದಿನ ಸರದಿ ತಂಗಿಯದು. ಅವಳು ಬ್ಲಾಸ್ಫೆಮಸ್ ಆಕ್ಟ್ ಆಡಿದಳು. ಮೇಜಿನ ಮೇಲಿರುವ ಪ್ರತಿಯೊಂದು ಜೀವಿಗೂ 13 ಏಟು ಕೊಡುವ ಕಾರ್ಡ್. ಅದರ ಮೂಲ ದರ ಒಂಬತ್ತು ಮಾನಾ, ಆದರೆ ಮೇಜಿನ ಮೇಲಿನ ಪ್ರತಿ ಜೀವಿಗೂ ಒಂದೊಂದು ಮಾನಾ ಕಡಿತ. ನನ್ನ ಕಡೆಯೇ ಹನ್ನೆರಡು ಜೀವಿಗಳಿದ್ದವು. ಅವಳು ಒಂದೇ ಒಂದು ಕೆಂಪು ಮಾನಾ ತೆತ್ತಳು. ‘ಇಷ್ಟು ಮಕ್ಕಳನ್ನು ಸಾಕಿದ್ದಕ್ಕೆ ನಿನಗೇ ಧನ್ಯವಾದ ಹೇಳಬೇಕು ಅಕ್ಕಾ’ ಎಂದಳು. ನನ್ನ ಎಲ್ಫ್‌ಗಳ ಸಂಖ್ಯೆಯೇ ಅವಳಿಗೆ ಕೊಟ್ಟ ರಿಯಾಯಿತಿ.

ಪೆಟ್ಟಿಗೆಯ ಬಗ್ಗೆ ನನ್ನ ಮುಖ್ಯ ತಕರಾರು ಇದರಲ್ಲೇ ಇದೆ. ಎಲ್ಫ್‌ಗಳ ಗುಂಪು ಕಟ್ಟುವುದನ್ನು ಇದು ಸೊಗಸಾಗಿ ಕಲಿಸುತ್ತದೆ, ಆದರೆ ಗುಂಪು ಸತ್ತ ಮರುದಿನ ಏನು ಮಾಡಬೇಕು ಎಂಬುದನ್ನು ಅರೆಬರೆ ಹೇಳಿ ಬಿಡುತ್ತದೆ. ಟೋಕನ್‌ಗಳು ಕಾರ್ಡ್‌ಗಳಲ್ಲ. ಸತ್ತ ಮೇಲೆ ಸ್ಮಶಾನದಲ್ಲೂ ಉಳಿಯುವುದಿಲ್ಲ, ಅವುಗಳನ್ನು ಎಬ್ಬಿಸುವ ಮಂತ್ರವೂ ಇಲ್ಲ. ಬೀಸ್ಟ್ ವಿಸ್ಪರರ್ ಇದ್ದರೆ ನಾನು ಆಡುವ ಪ್ರತಿ ಜೀವಿಗೂ ಒಂದು ಕಾರ್ಡ್ ಕೈಗೆ ಬರುತ್ತದೆ, ನಿಜ. ಆದರೆ ಅದೂ ಜೀವಿಯೇ, 13 ಏಟಿಗೆ ಅದೂ ಸಾಯುತ್ತದೆ. ಗಂಡನ ಜಾಂಬಿಗಳನ್ನು ನೋಡಿ: ಅವು ಸತ್ತರೆ ವಿಲ್‌ಹೆಲ್ಟ್ ಹೊಸ ಕೊಳೆತ ಜಾಂಬಿಗಳನ್ನು ಎಬ್ಬಿಸುತ್ತಾನೆ. ಸಾವು ಅವನಿಗೆ ದಿನಸಿ ಇದ್ದ ಹಾಗೆ. ನನಗೆ ಸಾವು ದಿವಾಳಿ.

ಆದರೂ ಪೆಟ್ಟಿಗೆಯಲ್ಲಿ ಈ ಕಾಯಿಲೆಗೆ ಒಂದು ಮದ್ದು ಇತ್ತು, ಅದನ್ನು ಕಾಣಲು ನನಗೆ ತಿಂಗಳುಗಳು ಹಿಡಿದವು. ಪಾಯಿಸನ್-ಟಿಪ್ ಆರ್ಚರ್. ನಾಲ್ಕು ಮಾನಾ, ಬಲ ಎರಡು, ನೋಡಲು ಸಾಧಾರಣ ಬಿಲ್ಲುಗಾರ. ಬೇರೆ ಯಾವುದೇ ಜೀವಿ ಸತ್ತಾಗಲೆಲ್ಲ ನನ್ನ ಪ್ರತಿ ಎದುರಾಳಿಯೂ ಒಂದು ಜೀವ ಕಳೆದುಕೊಳ್ಳುತ್ತಾನೆ. ಎಲ್ಲವೂ ಏಕಕಾಲಕ್ಕೆ ಸತ್ತರೆ ಬಿಲ್ಲುಗಾರನೂ ಸಾಯುತ್ತಾನೆ, ಆದರೆ ತನ್ನ ಜೊತೆ ಸತ್ತವರ ಲೆಕ್ಕವನ್ನು ಚುಕ್ತಾ ಮಾಡಿಯೇ ಹೋಗುತ್ತಾನೆ. ಆ ದಿನ ಅವನು ಮೇಜಿನ ಮೇಲೆ ಇದ್ದಿದ್ದರೆ ತಂಗಿ ಬ್ಲಾಸ್ಫೆಮಸ್ ಆಕ್ಟ್ ಆಡಿ ತನ್ನನ್ನೇ ಕೊಂದುಕೊಳ್ಳುತ್ತಿದ್ದಳು. 10 ಜೀವ ಇದ್ದವಳಿಗೆ ಹನ್ನೆರಡಕ್ಕೂ ಹೆಚ್ಚು ಸಾವುಗಳ ಬಾಕಿ. ಈಗ ಆರ್ಚರ್ ಬಂದ ಕೂಡಲೇ ಅವಳು ಕೈಯಲ್ಲಿರುವ ಕಾರ್ಡ್‌ಗಳನ್ನು ಮತ್ತೊಮ್ಮೆ ಜೋಡಿಸಿಕೊಳ್ಳುವುದನ್ನು ನೋಡುವುದೇ ಒಂದು ಸುಖ. ಅವನನ್ನು ನಾನು ದಾಳಿಗೆ ಕಳಿಸುವುದಿಲ್ಲ, ಯಾವುದಕ್ಕೂ ಟ್ಯಾಪ್ ಮಾಡುವುದಿಲ್ಲ. ಸುಮ್ಮನೆ ನಿಲ್ಲುವುದೇ ಅವನ ಕೆಲಸ.

ಕುಲದ ಡೆಕ್‌ಗಳನ್ನು ಈ ಆಟ ಮೂವತ್ತು ವರ್ಷಗಳಿಂದ ಸಾಕಿಕೊಂಡು ಬಂದಿದೆ. 1993ರ ಮೊದಲ ಕಂತಿನಲ್ಲೇ ಲ್ಯಾನೊವಾರ್ ಎಲ್ವ್ಸ್ ಇದ್ದರು. 2017ರ ಕಮಾಂಡರ್ ಡೆಕ್‌ಗಳಂತೂ ನಾಲ್ಕಕ್ಕೆ ನಾಲ್ಕೂ ಕುಲದವು: ಡ್ರ್ಯಾಗನ್, ರಕ್ತಪಿಪಾಸು, ಬೆಕ್ಕು, ಮಾಂತ್ರಿಕ. ‘ಟ್ರೈಬಲ್’ ಎಂಬ ಕಾರ್ಡ್ ಬಗೆಯ ಹೆಸರನ್ನು ಈಗ ಅಧಿಕೃತವಾಗಿ ‘ಕಿಂಡ್ರೆಡ್’ ಎಂದು ಬದಲಿಸಿದ್ದಾರೆ. ನಮ್ಮ ಮೇಜಿನಲ್ಲಿ ಮೊದಲಿನಿಂದಲೂ ಕುಲ ಎಂದೇ ಕರೆದದ್ದರಿಂದ ನಮಗೆ ಯಾವ ತೊಂದರೆಯೂ ಆಗಲಿಲ್ಲ.

2017ರ ಆ ಡೆಕ್‌ಗಳ ಎದುರು ಲ್ಯಾಥ್ರಿಲ್‌ಳನ್ನು ಇಟ್ಟು ನೋಡಿದಾಗ ನನಗೆ ಅವಳ ಮೇಲೆ ಗೌರವ ಹೆಚ್ಚಾಯಿತು. ಉರ್-ಡ್ರ್ಯಾಗನ್ ಮೇಜಿಗೆ ಬರಬೇಕೆಂದೇ ಇಲ್ಲ, ಬದಿಯಲ್ಲಿ ಕೂತೇ ಬೇರೆ ಡ್ರ್ಯಾಗನ್‌ಗಳ ದರದಲ್ಲಿ ಒಂದು ಮಾನಾ ಇಳಿಸುತ್ತಾನೆ. ಎಡ್ಗರ್ ಮಾರ್ಕೋವ್ ಕೂಡ ಬದಿಯಲ್ಲಿ ಕೂತೇ, ರಕ್ತಪಿಪಾಸು ಕಾರ್ಡ್ ಆಡಿದಾಗಲೆಲ್ಲ ಇನ್ನೊಂದು ಮರಿಯನ್ನು ಪುಕ್ಕಟೆಯಾಗಿ ಹುಟ್ಟಿಸುತ್ತಾನೆ. ಅವರನ್ನು ಕೊಲ್ಲುವುದು ಹೇಗೆ? ಮೇಜಿನ ಮೇಲೆ ಇಲ್ಲದವನನ್ನು ಯಾರು ಹೊಡೆಯುತ್ತಾರೆ? ಲ್ಯಾಥ್ರಿಲ್ ಹಾಗಲ್ಲ. ಬರಬೇಕು, ಒಂದು ಸುತ್ತು ಬದುಕಬೇಕು, ನಡೆದು ಹೋಗಿ ಹೊಡೆಯಬೇಕು. ಎಲ್ಲರ ಕಣ್ಣೆದುರಿಗೇ ದುಡಿಯುವವಳು. ಸೋತವರು ‘ನಮಗೆ ಅವಕಾಶವೇ ಇರಲಿಲ್ಲ’ ಎನ್ನಲಾರರು.

ಕಣ್ಣೆದುರಿಗೆ ದುಡಿಯುವುದರ ಬೆಲೆಯೂ ಇದೆ. ಬೇರೆ ಬಗೆಯ ಡೆಕ್ ಆಡುವವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಬೇಕು. ನನ್ನದು ಬಾಗಿಲಿಗೇ ಫಲಕ ಹಾಕಿಕೊಂಡ ಅಂಗಡಿ. ಏಳು ಎಲ್ಫ್ ಆಗುವವರೆಗೆ ನನ್ನತ್ತ ಯಾರೂ ನೋಡುವುದಿಲ್ಲ. ಎಂಟನೆಯದು ಬಂದ ಕೂಡಲೇ ಮೂವರ ಕುರ್ಚಿಗಳೂ ನನ್ನತ್ತ ತಿರುಗುತ್ತವೆ. ಹಾಗಾಗಿ ಈ ಡೆಕ್‌ನ ನಿಜವಾದ ಕೌಶಲ ಆರರಿಂದ ಹನ್ನೊಂದಕ್ಕೆ ಒಂದೇ ನೆಗೆತದಲ್ಲಿ ಹೋಗುವುದು. ಒಂದೊಂದೇ ಮೆಟ್ಟಿಲು ಹತ್ತುವವನು ದಾರಿಯಲ್ಲೇ ಸಾಯುತ್ತಾನೆ.

ನೆಗೆಯಲು ಬೇಕಾದ ಕಾರ್ಡ್‌ಗಳು ಪೆಟ್ಟಿಗೆಯಲ್ಲೇ ಇವೆ ಎಂಬುದು ಇದರ ದೊಡ್ಡ ಗುಣ. ಎಲ್ವಿಶ್ ಪ್ರಾಮೆನೇಡ್ ನಾಲ್ಕು ಮಾನಾಕ್ಕೆ ನನ್ನಲ್ಲಿರುವ ಎಲ್ಫ್‌ಗಳಷ್ಟೇ ಹೊಸ ಎಲ್ಫ್‌ಗಳನ್ನು ಕೊಡುತ್ತದೆ. ಆರು ಇದ್ದದ್ದು ಹನ್ನೆರಡು. ಎಂಡ್-ರೇಝ್ ಫೋರ್‌ರನ್ನರ್ಸ್ ಎಲ್ಫ್ ಅಲ್ಲ, ಏಳು ಮಾನಾದ ಕಾಡುಹಂದಿಗಳ ಹಿಂಡು. ಮೊದಲು ನೋಡಿದಾಗ ಇದಕ್ಕೆ ಇಲ್ಲೇನು ಕೆಲಸ ಎಂದು ತೆಗೆದಿಟ್ಟಿದ್ದೆ. ತಪ್ಪು ನನ್ನದೇ. ಅದು ಬಂದಾಗ ನನ್ನ ಉಳಿದ ಜೀವಿಗಳೆಲ್ಲ ಆ ಸರದಿಯ ಮಟ್ಟಿಗೆ ಎರಡೆರಡು ಬಲ ಹೆಚ್ಚಿಸಿಕೊಂಡು, ಟ್ಯಾಪ್ ಆಗದೆಯೇ ದಾಳಿ ಮಾಡುತ್ತವೆ. ಅಂದರೆ ದಾಳಿಗೆ ಹೋದ ಎಲ್ಫ್‌ಗಳು ದಾಳಿ ಮುಗಿದ ಮೇಲೂ ನೆಟ್ಟಗೇ ನಿಂತಿರುತ್ತವೆ. ಅವನ್ನೇ ಮತ್ತೆ ಲ್ಯಾಥ್ರಿಲ್‌ಗೆ ಒಪ್ಪಿಸಬಹುದು. ಒಂದೇ ಕೂಲಿಗೆ ಎರಡು ಪಾಳಿ.

ವುಲ್ವರೀನ್ ರೈಡರ್ಸ್ ಈ ಡೆಕ್‌ನಲ್ಲೇ ಮೊದಲ ಸಲ ಅಚ್ಚಾದ ಕಾರ್ಡ್, ನಾಲ್ವರ ಮೇಜಿಗೆಂದೇ ಹೊಲಿದ ಅಂಗಿ. ಪ್ರತಿಯೊಬ್ಬರ ಸರದಿಯ ಆರಂಭದಲ್ಲೂ ನನಗೆ ಒಂದು ಎಲ್ಫ್. ಒಂದು ಸುತ್ತಿನಲ್ಲಿ ನಾಲ್ಕು. ಹೊಸ ಎಲ್ಫ್ ಬಂದಾಗಲೆಲ್ಲ ಅದರ ಮೈಗಟ್ಟಿನಷ್ಟು ಜೀವವೂ ಸೇರುತ್ತದೆ. ದರ ಆರು ಮಾನಾ ಎಂದು ಮೂಗು ಮುರಿಯಬೇಡಿ, ಎಲ್ಫ್‌ಗೆ ಒಂದರಂತೆ ಮಾನಾ ಕೊಡುವ ಆರ್ಚ್‌ಡ್ರೂಯಿಡ್ ಇದ್ದಾಗ ಆರು ಮಾನಾ ಚಿಲ್ಲರೆ ಕಾಸು. ಐಬ್ಲೈಟ್ ಮ್ಯಾಸಕರ್ ಎಲ್ಫ್ ಅಲ್ಲದ ಎಲ್ಲದರಿಂದಲೂ ಎರಡೆರಡು ಬಲ, ಎರಡೆರಡು ಮೈಗಟ್ಟು ಕಳೆಯುತ್ತದೆ. ಹುಡುಗನ ಪುಕ್ಕಟೆ ಮರಿಗಳು ಪುಕ್ಕಟೆಯಾಗಿಯೇ ಹೋಗುತ್ತವೆ. ತಂಗಿಯ ಡ್ರ್ಯಾಗನ್‌ಗಳಿಗೆ ಸೊಳ್ಳೆ ಕಚ್ಚಿದಷ್ಟೂ ಆಗುವುದಿಲ್ಲ. ಇನ್ನು ಗಂಡನ ಎದುರು ಅದನ್ನು ಆಡಿದ್ದು ಒಮ್ಮೆ ಮಾತ್ರ. ಜಾಂಬಿಗಳು ಸತ್ತವು, ವಿಲ್‌ಹೆಲ್ಟ್ ಬದುಕಿದ, ಸತ್ತಷ್ಟೇ ಎದ್ದವು.

ಪೆಟ್ಟಿಗೆಯಲ್ಲಿ ಒಂದೇ ಒಂದು ಕಾರ್ಡನ್ನು ನಾನು ನೂರು ಸಲ ಯೋಚಿಸಿ ಹೊರಗಿಟ್ಟೆ. ರೂತ್‌ಲೆಸ್ ವಿನೋವರ್. ಪ್ರತಿಯೊಬ್ಬರೂ ತಮ್ಮ ಸರದಿಯ ಆರಂಭದಲ್ಲಿ ಎಲ್ಫ್ ಅಲ್ಲದ ಒಂದು ಜೀವಿಯನ್ನು ಬಲಿ ಕೊಡಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಕಾರ್ಡ್ ಇಲ್ಲ. ಮೇಜಿನ ಮೇಲೆ ಅದು ಪರಸ್ಪರ ಮುಖ ನೋಡದ ಮೂವರನ್ನು ಒಂದೇ ಕ್ಷಣದಲ್ಲಿ ಅಣ್ಣತಮ್ಮಂದಿರನ್ನಾಗಿ ಮಾಡುತ್ತದೆ. ಇಬ್ಬರ ಆಟವಾಗಿದ್ದರೆ ನಾನು ಅದನ್ನು ತೆಗೆಯುತ್ತಿರಲಿಲ್ಲ. ನಾಲ್ವರಲ್ಲಿ ಕಾರ್ಡ್‌ನ ಬಲದ ಜೊತೆಗೆ ಅದು ಹುಟ್ಟಿಸುವ ಸಿಟ್ಟನ್ನೂ ತೂಗಬೇಕು.

ಭೂಮಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಬಣ್ಣದವುಗಳಲ್ಲಿ ಹಲವು ಟ್ಯಾಪ್ ಆಗಿಯೇ ಬರುತ್ತವೆ, ಆಟ ಅರ್ಧ ಹೆಜ್ಜೆ ತಡವಾಗುತ್ತದೆ, ಸಿದ್ಧ ಡೆಕ್‌ಗಳಲ್ಲಿ ಇದು ಮಾಮೂಲು. ಟೋಕನ್‌ಗಳದ್ದು ಮಾತ್ರ ಬೇರೆ ಗೋಳು. ಪೆಟ್ಟಿಗೆಯಲ್ಲಿ ಬರುವವು ಇಂಥ ಡೆಕ್‌ಗೆ ಎಲ್ಲಿ ಸಾಕು? ಪ್ರಾಮೆನೇಡ್ ಎರಡು ಸಲ ಆಡಿದ ದಿನ ಅಂಗಿ ಗುಂಡಿ, ಪೆನ್ನಿನ ಮುಚ್ಚಳ ಎಲ್ಲವೂ ಎಲ್ಫ್‌ಗಳಾಗಿದ್ದವು. ಈಗ ಎರಡು ಟೋಕನ್ ಕಾರ್ಡ್ ಇಟ್ಟು ಎರಡರ ಮೇಲೂ ದಾಳ ಇಡುತ್ತೇನೆ. ನೆಟ್ಟಗಿನ ಕಾರ್ಡಿನ ಮೇಲಿನ ದಾಳ ಇನ್ನೂ ದುಡಿಯಬಲ್ಲವರ ಸಂಖ್ಯೆ, ಅಡ್ಡ ಕಾರ್ಡಿನ ಮೇಲಿನದು ಸುಸ್ತಾದವರದು. ಒಂದೇ ದಾಳ ಇಟ್ಟರೆ ಲ್ಯಾಥ್ರಿಲ್‌ಗೆ ಎಷ್ಟು ಜನ ಸಿಗುತ್ತಾರೆ ಎಂದು ತಿಳಿಯುವುದೇ ಇಲ್ಲ. ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಈ ಸರಳ ಬುದ್ಧಿ ಲೆಕ್ಕಪತ್ರದವಳಿಗೆ ಮೊದಲ ದಿನವೇ ಹೊಳೆಯಬೇಕಿತ್ತು.

ಹೊರಗಿನಿಂದ ತಂದು ಸೇರಿಸಿದ್ದು ಕೆಲವೇ ಕಾರ್ಡ್‌ಗಳು. ಹೀರೋಯಿಕ್ ಇಂಟರ್ವೆನ್ಷನ್ ಮೊದಲನೆಯದು. ಎರಡು ಮಾನಾ ತೆತ್ತರೆ ಆ ಸರದಿಯಲ್ಲಿ ನನ್ನ ಯಾವುದೂ ನಾಶವಾಗುವುದಿಲ್ಲ. ತಂಗಿಯ ಬ್ಲಾಸ್ಫೆಮಸ್ ಆಕ್ಟ್‌ಗೆ ಸರಿಯಾದ ಉತ್ತರ. ಗಂಡನ ಎದುರು ಅದನ್ನೇ ನಂಬಿ ಕೂತರೆ ಕೆಟ್ಟೆ. ಅವನ ಟಾಕ್ಸಿಕ್ ಡೆಲ್ಯೂಜ್ ನಾಶ ಮಾಡುವುದಿಲ್ಲ, ಮೈಗಟ್ಟನ್ನೇ ಸೊನ್ನೆಗೆ ಇಳಿಸುತ್ತದೆ. ಏಳು ಮಾನಾ ತೆತ್ತು ಆಡಿದ ಸೈಕ್ಲೋನಿಕ್ ರಿಫ್ಟ್ ಯಾರತ್ತಲೂ ಬೆರಳು ತೋರದೆ ಭೂಮಿಗಳನ್ನು ಬಿಟ್ಟು ನನ್ನದೆಲ್ಲವನ್ನೂ ಕೈಗೆ ವಾಪಸು ಕಳಿಸುತ್ತದೆ, ಟೋಕನ್‌ಗಳಿಗೆ ವಾಪಸು ಹೋಗಲು ಕೈಯೂ ಇಲ್ಲ. ಕೈಯಲ್ಲಿ ಮೂರು ಎಲ್ಫ್‌ಗಳನ್ನು ಆಡದೆ ಉಳಿಸಿಕೊಳ್ಳುವುದೊಂದೇ ಅಲ್ಲಿ ನಡೆಯುವ ಉಪಾಯ. ಆಡಲು ಮಾನಾ ಇದ್ದೂ ಆಡದೆ ಕೂರುವುದು ಎಷ್ಟು ಕಷ್ಟ ಎಂಬುದು ಕುಲದ ಡೆಕ್ ಆಡಿದವರಿಗೇ ಗೊತ್ತು.

ಸೀಡ್‌ಬಾರ್ನ್ ಮ್ಯೂಸ್ ಕೂಡ ತಂದಿದ್ದೆ. ಅದು ಇದ್ದರೆ ಬೇರೆ ಪ್ರತಿಯೊಬ್ಬರ ಸರದಿಯಲ್ಲೂ ನನ್ನ ಕಾರ್ಡ್‌ಗಳು ಮತ್ತೆ ನೆಟ್ಟಗಾಗುತ್ತವೆ. ನನ್ನ ಸರದಿಯಲ್ಲಿ ಲ್ಯಾಥ್ರಿಲ್ ಒಮ್ಮೆ, ಉಳಿದ ಮೂವರ ಸರದಿಗಳಲ್ಲಿ ಒಂದೊಂದು ಸಲ, ಒಟ್ಟು ನಾಲ್ಕು. ನಾಲ್ಕು ಹತ್ತಲಿ ನಲವತ್ತು. ಆರಂಭದ ಜೀವ ಎಷ್ಟೋ ಅಷ್ಟೇ. ಲೆಕ್ಕ ಇಷ್ಟು ಚೆನ್ನಾಗಿ ತಾಳೆಯಾದದ್ದನ್ನು ಕಂಡು ನಾನು ಒಬ್ಬಳೇ ನಕ್ಕಿದ್ದೆ. ಎರಡು ಆಟ ಹಾಗೆ ಗೆದ್ದೆ. ಮೂರನೆಯ ಸಲ ಮ್ಯೂಸ್ ಇಳಿಸಿದಾಗ ಹುಡುಗ ‘ಸರಿ ಆಂಟಿ, ಮುಂದಿನ ಆಟಕ್ಕೆ ಕಲಸಲೇ?’ ಎಂದು ಕಾರ್ಡ್‌ಗಳನ್ನು ಎತ್ತಿಕೊಂಡುಬಿಟ್ಟ. ಗೆಲುವೇನೋ ನನ್ನದೇ, ಆದರೆ ಆಟ ಯಾರೂ ಆಡಲಿಲ್ಲ. ಮ್ಯೂಸ್ ಈಗ ಡಬ್ಬಿಯಲ್ಲಿದೆ.

ಹೊಸದಾಗಿ ಕಮಾಂಡರ್ ಆಟಕ್ಕೆ ಕಾಲಿಡುವವರು ನನ್ನನ್ನು ಕೇಳಿದರೆ ಡ್ರ್ಯಾಗನ್‌ಗಳಿಗಿಂತ ಮೊದಲು ಈ ಪೆಟ್ಟಿಗೆಯನ್ನೇ ಕೈಗಿಡುತ್ತೇನೆ. ಐದು ಬಣ್ಣಗಳ ಜಂಜಾಟವಿಲ್ಲ, ಏಳೆಂಟು ಮಾನಾದ ರಾಕ್ಷಸರಿಗಾಗಿ ಬಾಯಿ ತೆರೆದು ಕಾಯಬೇಕಿಲ್ಲ, ಎರಡನೆಯ ಸರದಿಯಿಂದಲೇ ಕೈಗೆ ಕೆಲಸ. ಯಾವ ಕಾರ್ಡ್ ಯಾವುದಕ್ಕೆ ಒದಗುತ್ತದೆ ಎಂಬುದು ಕಾರ್ಡ್‌ನಲ್ಲೇ ಬರೆದಿರುತ್ತದೆ: ಎಲ್ಫ್, ಎಲ್ಫ್, ಎಲ್ಫ್. ಗುಟ್ಟು ಕಾಯುವುದು ನಿಮಗೆ ಇಷ್ಟವಾದರೆ ಮಾತ್ರ ಇದು ನಿಮ್ಮದಲ್ಲ.

ಕಳೆದ ವಾರದ ಆಟದಲ್ಲಿ ನನ್ನ ಸರದಿ ಬಂದಾಗ ತಂಗಿ ಎಂದಿನಂತೆ ಕತ್ತು ಚಾಚಿ ‘ಎಷ್ಟಾಯಿತು ಅಕ್ಕಾ?’ ಎಂದಳು. ಲ್ಯಾಥ್ರಿಲ್‌ಳನ್ನು ಬಿಟ್ಟು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ಎಣಿಸಿದೆ. ‘ಆರು’ ಎಂದೆ. ಗಂಡನೂ ಎಣಿಸಿ ತಲೆಯಾಡಿಸಿದ. ಆರು ಎಂದ ಮೇಲೆ ಯಾರಿಗೂ ಭಯವಿರಲಿಲ್ಲ. ಹುಡುಗ ನೀರು ಕುಡಿಯಲು ಎದ್ದ. ಆರ್ಚರ್ ಮೂಲೆಯಲ್ಲಿ ನೆಟ್ಟಗೆ ನಿಂತಿದ್ದ, ಮಿಸ್ಟಿಕ್ ನೆಟ್ಟಗೆ ಇತ್ತು. ನಾನು ಭೂಮಿಗಳನ್ನೇ, ಬರೀ ಭೂಮಿಗಳನ್ನೇ, ನಾಲ್ಕು ತಿರುಗಿಸಿ ಪ್ರಾಮೆನೇಡ್ ಕಾರ್ಡನ್ನು ಮೇಜಿನ ನಡುವೆ ಇಟ್ಟೆ.